ಮರದ ಅಡಿಗೆಮನೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟವನ್ನು ಕಂಡವರಿಗೆ ಅದರ ಬೆನ್ನಿಗಿರುವ ಸೊಪ್ಪಿನ ಬೆಟ್ಟವೂ ನೆನಪಿರಬಹುದು. ತೋಟದ ಒಂದು ಎಕರೆಗೆ ಬೆಟ್ಟದ 9 ಎಕರೆಯವರೆಗೆ ಸೊಪ್ಪು ತರುವ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದುದು. ಮತ್ತಿ, ಹೊನ್ನೆ, ನಂದಿ ಮರಗಳ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಗೊಬ್ಬರವಾಗಿ, ಕಡೆಗೆ ಅಡಿಕೆಯ ಬುಡವನ್ನು ಸೇರುತ್ತದೆ.

ನನಗೆ ಹದಿನೆಂಟು ತುಂಬಿದ ವರ್ಷ ಸೊಪ್ಪಿಗೆಂದು ನಾನೇ ಮತ್ತಿಯ ಮರವೊಂದನ್ನು ಹತ್ತಿದೆ. ತುದಿಯ ಕುಡಿಯನ್ನೂ ಉಳಿಸದೆ ಬೋಳಿಸಿ, ಎಲ್ಲರಿಗಿಂತ ದೊಡ್ಡ ಹೊರೆ ಕಟ್ಟಿದೆನೆಂಬ ಹಮ್ಮಿನಿಂದ ಇಳಿದೆ. ಅಜ್ಜ ಬಯ್ಯಲಿಲ್ಲ. ಮೇಲೆ ನೋಡಿ, “ಇನ್ನು ಮರ ಎಂತ ಉಂಬದು, ತಮಾ?” ಎಂದರು.

ಮರ ಉಣ್ಣುವುದು ಬೇರಿನಿಂದಲ್ಲವೆ, ಎಂದು ನಾನು ನಕ್ಕೆ. ಬುಡಕ್ಕೆ ಗೊಬ್ಬರ ಹೊತ್ತು ಹಾಕುವವರಿಗೆ ಹಾಗೆ ತೋರುವುದು ಸಹಜ. ಬ್ರಸೆಲ್ಸ್ ಕಡೆಯ ಫಾನ್ ಹೆಲ್ಮಾಂಟನು ತೂಕ ಮಾಡಿದ ಮಣ್ಣಿನಲ್ಲಿ ವಿಲೋ ಗಿಡವೊಂದನ್ನು ನೆಟ್ಟು, ನೀರನ್ನಷ್ಟೇ ಎರೆದು, ಐದು ವರ್ಷ ಬೆಳೆಸಿದನು. ಗಿಡ 164 ಪೌಂಡು ಹೆಚ್ಚಿತು. ಮಣ್ಣು ಸವೆದುದು 2 ಔನ್ಸು ಮಾತ್ರ! 1648ರಲ್ಲಿ ಅಚ್ಚಾದ ಈ ಲೆಕ್ಕದಿಂದ, ಮರವೆಲ್ಲ ನೀರೇ ಎಂದು ಅವನು ಬಗೆದನು. ಗಾಳಿಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಳಕು ಬೇಕು, ಅದೂ ಹಸುರು ಭಾಗದ ಮೇಲೆ ಬೀಳಬೇಕು ಎಂಬುದನ್ನು ಇಂಗೆನ್‌ಹೌಸನು 1779ರಲ್ಲಿ ತೋರಿಸಿದನು.

ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡು ಇರುವುದು ನಾಲ್ಕು ಪಾಲಿನಷ್ಟು. ಎಲೆ ಅದನ್ನು ಸಣ್ಣ ರಂಧ್ರಗಳಿಂದ ಒಳಗೆಳೆದು, ಬೇರು ಕಳಿಸಿದ ನೀರಿನೊಡನೆ ಕೂಡಿಸಿ, ಪತ್ರಹರಿತ್ತು ಹಿಡಿದ ಬಿಸಿಲಿನ ಬಲದಿಂದ ಸಕ್ಕರೆಯನ್ನು ಮಾಡುತ್ತದೆ. ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಹಾಗಾದರೆ ನಮ್ಮ ಗೊಬ್ಬರ ವ್ಯರ್ಥವೆ? ಅಲ್ಲ. ಅದರ ಸಾರಜನಕ, ಮೆಗ್ನೀಸಿಯಮ್ಮುಗಳಿಲ್ಲದೆ ಪತ್ರಹರಿತ್ತೇ ಆಗದು. ಆದರೂ ಅದು ಅಡಿಗೆಯ ಉಪ್ಪು, ಅಕ್ಕಿಯಲ್ಲ. ನಾನು ಆ ದಿನ ಹೊರೆ ಕಟ್ಟಿ ತಂದುದು ಅಡಿಗೆಮನೆಯನ್ನೇ.

ಆ ಮತ್ತಿ ಮುಂದಿನ ಮಳೆಗೆ, ಮೈಯಲ್ಲಿ ಕೂಡಿಟ್ಟಿದ್ದ ಪಿಷ್ಟವನ್ನು ಖರ್ಚು ಮಾಡಿ ಚಿಗುರಿತು. ಅಜ್ಜ ಆಗ ಹಾಸಿಗೆ ಹಿಡಿದಿದ್ದರು, ಬೆಟ್ಟಕ್ಕೆ ಬರುವವರಿರಲಿಲ್ಲ. ಆ ಚಿಗುರನ್ನೂ ಕಡಿದೆ. ಮೂರನೆಯ ವರ್ಷ ಮರ ಚಿಗುರಲಿಲ್ಲ. ಅದನ್ನು ಹೇಳಲು ಅಜ್ಜನೂ ಇರಲಿಲ್ಲ.

ಈಗ ಸೊಪ್ಪಿಗೆ ಆಳು ಹತ್ತಿದಾಗ ಕೆಳಗೆ ನಿಂತು, ಕುಡಿ ಬಿಡು, ಕುಡಿ ಬಿಡು ಎಂದು ಕೂಗುತ್ತೇನೆ. ಕಡಿಮೆ ಬಿದ್ದ ಹೊರೆಗಳನ್ನು ಬೇಸಗೆಯಲ್ಲಿ ದರಕು ಗುಡಿಸಿ ತುಂಬಿಕೊಳ್ಳುತ್ತೇವೆ.