ಶನಿವಾರ ಮಾಡಿ ಭಾನುವಾರ ಉಣ್ಣುವ ಮೀನ್ ಕುಳಂಬು

ತಮಿಳರ ಮನೆಗಳಲ್ಲಿ ಕುಳಂಬು ಎಂದರೆ ಹುಣಸೆಹುಳಿ, ಖಾರ ಹಾಕಿ ಕುದಿಸಿ ಅನ್ನಕ್ಕೆ ಕಲಸಿಕೊಳ್ಳುವ ಸಾರು. ಅದಕ್ಕೆ ಮೀನು ಹಾಕಿದರೆ ಮೀನ್ ಕುಳಂಬು. ನಮ್ಮ ಉರ್ದು ಮನೆಗಳಿಗೂ ಖಟ್ಟಾ ಸಾಲನ್ ಹೊಸದಲ್ಲ, ಆದರೆ ಮೀನು ತಂದರೆ ನಾವು ಹೆಚ್ಚಾಗಿ ಮಸಾಲೆ ಹಚ್ಚಿ ಕರಿದುಬಿಡುತ್ತೇವೆ. ಶಿವಾಜಿನಗರದ ಗಲ್ಲಿಗಳಲ್ಲಿ ಉರ್ದು, ತಮಿಳು ಒಂದೇ ಗೋಡೆಯ ಆಚೆ ಈಚೆ ಇರುತ್ತವೆ. ಹಾಗಾಗಿ ಎದುರುಮನೆಯ ತಮಿಳು ಆಂಟಿ ಕಳಿಸುವ ಕುಳಂಬಿನ ಡಬ್ಬಿ ನನಗೆ ಚಿಕ್ಕಂದಿನಿಂದ ಗೊತ್ತು. ಮಾಂಸವಾದರೆ ಎಲ್ಲಿಂದ ತಂದದ್ದು ಎಂದು ಕೇಳಬೇಕಾಗುತ್ತದೆ. ಮೀನಿಗೆ ಜಬಹ್ ಬೇಕಿಲ್ಲ, ಆದ್ದರಿಂದ ಆ ಡಬ್ಬಿ ನೇರವಾಗಿ ನಮ್ಮ ದಸ್ತರ್‌ಖಾನ್‌ಗೆ ಬರುತ್ತಿತ್ತು.

ನಾನು ಇದನ್ನು ಕಲಿತದ್ದಕ್ಕೆ ಕಾರಣ ರುಚಿ ಮಾತ್ರ ಅಲ್ಲ. ನಮ್ಮ ಅಮ್ಮಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ವಾರಕ್ಕೆ ಸಿಗುವ ಒಂದೇ ರಜೆಯಲ್ಲೂ ಅವರು ಮಧ್ಯಾಹ್ನದವರೆಗೆ ಒಲೆ ಮುಂದೆ ನಿಂತಿರುತ್ತಿದ್ದರು. ಶನಿವಾರ ನಮಗೆ ಅರ್ಧ ದಿನ ಕಾಲೇಜು. ಅಂದು ಸಂಜೆ ಮಾಡಿ ಮರುದಿನ ಉಣ್ಣಬಹುದಾದ, ಮರುದಿನವೇ ಹೆಚ್ಚು ರುಚಿಯಾಗುವ ಅಡುಗೆ ಯಾವುದು ಎಂದು ಹುಡುಕಿದರೆ ಉತ್ತರ ಎದುರುಮನೆಯಲ್ಲೇ ಇತ್ತು. ಹುಡುಗ ಅಡುಗೆ ಮಾಡುತ್ತಾನೆ ಎಂದು ನಗುವವರು ಮೊದಲು ಮೀನು ತೊಳೆದು ನೋಡಿ.

ಮೊದಲು ಖರೀದಿ. ತಮಿಳರು ವಂಜರಂ ಎನ್ನುವ ಮೀನು ನಮ್ಮ ಕರಾವಳಿಯವರ ಅಂಜಲ್. ಅದರ ಬೆಲೆ ಕೇಳಿದರೆ ನಮ್ಮಂಥವರು ಸುಮ್ಮನೆ ಮುಂದಿನ ಅಂಗಡಿಗೆ ಹೋಗುತ್ತೇವೆ. ನಾನು ತರುವುದು ಬಂಗುಡೆ. ಕಿವಿರು ಕೆಂಪಾಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು. ಕಾಮರ್ಸ್‌ನವರಿಗೆ ಇಲ್ಲೊಂದು ಪೂರೈಕೆಯ ಪಾಠವೂ ಇದೆ. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಮುದ್ರದ ಮೀನು ತುಟ್ಟಿ. ನಾನು ಕೆರೆ ಮೀನು ಕಾಟ್ಲಾ ತರುತ್ತೇನೆ, ಅದೂ ನಡೆಯುತ್ತದೆ.

ಐದು ಜನಕ್ಕೆ ಒಂದು ಕಿಲೋ ಮೀನು. ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಿನಲ್ಲಿ ನೆನೆಸಿ ರಸ ಹಿಂಡಿಟ್ಟುಕೊಳ್ಳಿ. ಇಂಗ್ಲಿಷಿನ ಟ್ಯಾಮರಿಂಡ್ ಎಂಬ ಪದ ಬಂದದ್ದು ಅರಬ್ಬಿಯ ತಮರ್ ಹಿಂದಿಯಿಂದ, ಅಂದರೆ ಹಿಂದೂಸ್ತಾನದ ಖರ್ಜೂರ. ಖರ್ಜೂರ ಎಂದು ಬಾಯಿಗೆ ಹಾಕಿಕೊಂಡವನ ಮುಖ ಹೇಗಿದ್ದಿರಬೇಕು!

ಪಾತ್ರೆ ಮಣ್ಣಿನದಾದರೆ ಒಳ್ಳೆಯದು, ಇಲ್ಲವಾದರೆ ಸ್ಟೀಲ್. ಅಲ್ಯೂಮಿನಿಯಂ ಪತೀಲಿ ಬೇಡ, ಹುಳಿ ಅದರೊಂದಿಗೆ ಸೇರಿ ರುಚಿ ಕೆಡಿಸುತ್ತದೆ. ಐದಾರು ಚಮಚ ಎಳ್ಳೆಣ್ಣೆ ಕಾಯಿಸಿ. ತಮಿಳಿನಲ್ಲಿ ಅದರ ಹೆಸರೇ ನಲ್ಲೆಣ್ಣೆ, ಒಳ್ಳೆಯ ಎಣ್ಣೆ. ಸಾಸಿವೆ, ಅರ್ಧ ಚಮಚ ಮೆಂತ್ಯ, ಕರಿಬೇವು ಹಾಕಿ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಇಡೀ ಕುಳಂಬು ಕಹಿ. ಇಪ್ಪತ್ತು ಸಾಂಬಾರ್ ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ ಬಾಡಿಸಿ, ಎರಡು ಟೊಮೆಟೊ ಕರಗುವವರೆಗೆ ಹುರಿಯಿರಿ. ಉರಿ ತಗ್ಗಿಸಿ ಅರ್ಧ ಚಮಚ ಅರಿಶಿನ, ಎರಡು ಚಮಚ ಖಾರದ ಪುಡಿ, ಮೂರು ಚಮಚ ಧನಿಯಾ ಪುಡಿ, ಉಪ್ಪು ಹಾಕಿ ಹುಣಸೆರಸ ಸುರಿಯಿರಿ.

ಇನ್ನು ಮುಖ್ಯವಾದ ಕೆಲಸ ಕಾಯುವುದು. ಮೀನು ಇಲ್ಲದೆಯೇ ಇದು ಹದಿನೈದು ನಿಮಿಷ ಕುದಿಯಬೇಕು. ಹುಳಿಯ ಹಸಿ ವಾಸನೆ ಹೋಗಿ, ಸಾರು ದಪ್ಪಗಾಗಿ, ಅಂಚಿನಲ್ಲಿ ಎಣ್ಣೆ ತೇಲಬೇಕು. ಬಹಳ ಜನ ಮೀನನ್ನು ಮೊದಲೇ ಹಾಕಿ ಒಟ್ಟಿಗೆ ಕುದಿಸುತ್ತಾರೆ. ಆಗ ಸಾರು ಬೇಯುವಷ್ಟರಲ್ಲಿ ಮೀನು ಪುಡಿಪುಡಿ. ಮೀನಿನ ಮಾಂಸ ಮಟನ್‌ನಂತಲ್ಲ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷದಲ್ಲೇ ಬೇಯುತ್ತದೆ. ಮೀನು ಬಿದ್ದ ಮೇಲೆ ಪಾತ್ರೆಗೆ ಏನೂ ಇಳಿಯಬಾರದು. “ತಂಬಿ, ಸೌಟು ಹಾಕಬೇಡ” ಎಂದು ಆಂಟಿ ತಮ್ಮ ಬಾಗಿಲಿನಿಂದಲೇ ಕೂಗುತ್ತಾರೆ. ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ತಿರುಗಿಸಿ, ಅಷ್ಟೆ.

ಮೀನಿನ ನಾತಕ್ಕೆ ಕಾರಣ ಅಮೈನ್ ಎಂಬ ಕ್ಷಾರೀಯ ವಸ್ತುಗಳು. ಹುಣಸೆಯ ಆಮ್ಲ ಅವನ್ನು ಹಿಡಿದಿಟ್ಟುಕೊಳ್ಳುವುದರಿಂದ ನಾತ ಮೂಗಿಗೆ ಬರುವುದಿಲ್ಲ. ಆಮ್ಲ ಇರುವ ಕಡೆ ಸೂಕ್ಷ್ಮಜೀವಿಗಳೂ ನಿಧಾನವಾಗಿ ಬೆಳೆಯುತ್ತವೆ. ಒಲೆ ಆರಿಸಿದ ಮೇಲೂ ಉಪ್ಪು, ಹುಳಿ ಮೀನಿನ ಒಳಗೆ ಇಳಿಯುತ್ತಲೇ ಇರುತ್ತವೆ. ಮೊದಲ ದಿನ ಸಾರು ಬೇರೆ, ಮೀನು ಬೇರೆ ಎನಿಸುತ್ತದೆ. ಮರುದಿನ ಖಾರದ ಚುರುಕು ತಗ್ಗಿ ಎರಡೂ ಒಂದಾಗಿರುತ್ತವೆ. ಕೆಲವು ಮನೆಗಳಲ್ಲಿ ತೆಂಗಿನಕಾಯಿ ರುಬ್ಬಿ ಹಾಕುವುದುಂಟು. ಇಡಬೇಕಾದ ಕುಳಂಬಿಗೆ ನಾನು ಹಾಕುವುದಿಲ್ಲ, ಕಾಯಿ ಹಾಕಿದ್ದು ಬೇಗ ಹಳಸುತ್ತದೆ. ಹುಳಿ ಇದೆಯಲ್ಲ ಎಂಬ ಧೈರ್ಯದಲ್ಲಿ ರಾತ್ರಿಯಿಡೀ ಹೊರಗೆ ಬಿಡಬೇಡಿ. ಬಿಸಿ ಆರುತ್ತಲೇ ಫ್ರಿಜ್‌ಗೆ ಇಟ್ಟು, ಉಣ್ಣುವ ಮೊದಲು ಚೆನ್ನಾಗಿ ಕುದಿಸಿ.

ಒಂದು ಕಿಲೋ ಮೀನಿನಲ್ಲಿ ನಮಗೆ ಭಾನುವಾರದ ಎರಡು ಹೊತ್ತು ಸಾಗುತ್ತದೆ. ಬೆಳಿಗ್ಗೆ ಇಡ್ಲಿಗೆ ಸಾರು, ಮಧ್ಯಾಹ್ನ ಅನ್ನಕ್ಕೆ ಮೀನು. ಅಷ್ಟಕ್ಕೆ ಅಮ್ಮಿ ಅನ್ನದ ಕುಕ್ಕರ್ ಇಟ್ಟರೆ ಸಾಕು, ಅದನ್ನೂ ಈಗ ತಂಗಿ ಇಡುತ್ತಾಳೆ. ಶನಿವಾರ ರಾತ್ರಿಯೇ ಬಡಿಸಲು ಹೋದರೆ ದಾದಿ ತಟ್ಟೆ ಮುಂದಿಡುವುದಿಲ್ಲ. “ಕಲ್ ಖಾತೂಂ” ಎನ್ನುತ್ತಾರೆ.