ಕೆಂಪು ಡೀಸೆಲ್, ನೀಲಿ ಸೀಮೆಎಣ್ಣೆ

ಬ್ರಿಟನ್ನಿನ ರೈತರ ಹಿತ್ತಲಿನ ತೊಟ್ಟಿಗಳಲ್ಲಿ ತುಂಬಿಟ್ಟಿರುವ ಡೀಸೆಲ್ ನೋಡಲು ದಾಳಿಂಬೆ ರಸದಷ್ಟು ಕೆಂಪಗಿರುತ್ತದೆ. ಆ ಕೆಂಪು ಡೀಸೆಲ್ಲಿನ ಹುಟ್ಟುಬಣ್ಣವಲ್ಲ, ಸರ್ಕಾರದ ಕಟ್ಟಳೆಯಂತೆ ಬೆರೆಸಿದ್ದು. ಟ್ರ್ಯಾಕ್ಟರು, ಕಟಾವು ಯಂತ್ರಗಳಂಥ, ರಸ್ತೆಯ ಮೇಲೆ ಓಡುವುದು ಮುಖ್ಯ ಕೆಲಸವಲ್ಲದ ಯಂತ್ರಗಳಿಗೆಂದು ಸುಂಕದಲ್ಲಿ ಭಾರಿ ರಿಯಾಯಿತಿ ಕೊಟ್ಟು ಮಾರುವ ಈ ಇಂಧನವನ್ನು ಅಲ್ಲಿಯ ಜನ ‘ಕೆಂಪು ಡೀಸೆಲ್’ ಎಂದೇ ಕರೆಯುತ್ತಾರೆ; ಪೂರ್ಣ ಸುಂಕ ತೆತ್ತು ಬಂಕಿನಲ್ಲಿ ಕೊಳ್ಳುವ ಬಣ್ಣರಹಿತ ಡೀಸೆಲ್ ಅವರ ಬಾಯಲ್ಲಿ ‘ಬಿಳಿ ಡೀಸೆಲ್’. ನೆರೆಯ ಐರ್ಲೆಂಡ್ ಗಣರಾಜ್ಯದಲ್ಲಿ ಇದೇ ಬಗೆಯ ರಿಯಾಯಿತಿ ಡೀಸೆಲ್ಲಿಗೆ ಹಸಿರು ಬಣ್ಣವಿದೆ. ಎಂಜಿನ್ನಿಗೆ ಮಾತ್ರ ಈ ವರ್ಣಭೇದ ತಿಳಿಯದು. ಕೆಂಪನ್ನು ಸುರಿದರೂ ಬಿಳಿಯನ್ನು ಸುರಿದರೂ ಡೀಸೆಲ್ ವ್ಯಾನು ಓಡಿಯೇ ಓಡುತ್ತದೆ. ಇಂಧನದ ಬೆಲೆ ಏರಿದಾಗಲೆಲ್ಲ ಆ ದ್ವೀಪಗಳಲ್ಲಿ ಬಾಯಿ ತೆರೆಯುವ ಕಳ್ಳದಾರಿ ಶುರುವಾಗುವುದು ಇಲ್ಲಿಂದಲೇ.

ಇಂಧನ ಸುಂಕವೆಂದರೆ ಪ್ರತಿ ಲೀಟರಿಗೆ ಇಂತಿಷ್ಟೆಂದು ಸರ್ಕಾರ ನಿಗದಿ ಮಾಡುವ ತೆರಿಗೆ. ಬ್ರಿಟನ್ನಿನಲ್ಲಿ ಪೆಟ್ರೋಲಿನ ಮೇಲೆ ಮೊದಲ ಸುಂಕ ಬಿದ್ದದ್ದು 1909ರ ಬಜೆಟ್ಟಿನಲ್ಲಿ, ಹೊಸದಾಗಿ ಬಂದಿದ್ದ ಮೋಟಾರು ವಾಹನಗಳು ಹಾಳುಮಾಡುವ ರಸ್ತೆಯ ಖರ್ಚನ್ನು ಆ ವಾಹನಗಳ ಒಡೆಯರೇ ಭರಿಸಲಿ ಎಂಬ ನ್ಯಾಯದ ಮೇಲೆ. ಸುಂಕದ ಹಣ ರಸ್ತೆಗೇ ಹೋಗಬೇಕೆಂಬ ನಿಯಮ ಕಾಲಕ್ರಮದಲ್ಲಿ ಬಿದ್ದುಹೋಗಿ ಅದು ಸಾಮಾನ್ಯ ಬೊಕ್ಕಸಕ್ಕೆ ಸೇರತೊಡಗಿದರೂ, ರಸ್ತೆ ಬಳಸದವನು ರಸ್ತೆಯ ಸುಂಕವನ್ನೇಕೆ ತೆರಬೇಕು ಎಂಬ ವಾದ ಮಾತ್ರ ಉಳಿದುಕೊಂಡಿತು. ಗದ್ದೆ ಉಳುವ ಟ್ರ್ಯಾಕ್ಟರಿಗೆ ಸಿಕ್ಕ ರಿಯಾಯಿತಿಗೆ ಆ ವಾದವೇ ಆಧಾರ. 2011ರಿಂದ 2022ರ ಮಾರ್ಚಿನವರೆಗೆ ಬಿಳಿ ಡೀಸೆಲ್ಲಿನ ಮೇಲೆ ಲೀಟರಿಗೆ 57.95 ಪೆನ್ಸ್ ಸುಂಕವಿದ್ದರೆ ಕೆಂಪಿನ ಮೇಲೆ 11.14 ಪೆನ್ಸ್ ಮಾತ್ರ ಇತ್ತು. ಅನಂತರ ಇವೆರಡನ್ನೂ ಇಳಿಸಿ ಕ್ರಮವಾಗಿ 52.95 ಮತ್ತು 10.18 ಪೆನ್ಸ್ ಮಾಡಲಾಯಿತು. ಇಳಿಸಿದ ಮೇಲೂ ಉಳಿದ ಅಂತರ ಲೀಟರಿಗೆ ಸುಮಾರು 43 ಪೆನ್ಸ್. 70 ಲೀಟರ್ ಹಿಡಿಸುವ ವ್ಯಾನಿನ ಟ್ಯಾಂಕನ್ನು ಬಿಳಿಯ ಬದಲು ಕೆಂಪಿನಿಂದ ತುಂಬಿಸಿದರೆ ಪ್ರತಿ ಸಲವೂ 30 ಪೌಂಡುಗಳಷ್ಟು, ಆಗಿನ ವಿನಿಮಯ ದರದಲ್ಲಿ ಸುಮಾರು 3000 ರೂಪಾಯಿಯಷ್ಟು, ಸರ್ಕಾರದ ಹಣ ಚಾಲಕನ ಜೇಬಿನಲ್ಲೇ ಉಳಿಯುತ್ತದೆ. ಹತ್ತಾರು ಲಾರಿಗಳನ್ನು ಓಡಿಸುವ ಮಾಲೀಕನ ಪಾಲಿಗೆ ಇದೇ ಲೆಕ್ಕ ವ್ಯಾಪಾರ ಉಳಿಯುವುದೋ ಮುಳುಗುವುದೋ ಎಂಬ ಪ್ರಶ್ನೆಯಾಗಬಹುದು.

ಬೆಲೆಯೇರಿಕೆ ಈ ಲೆಕ್ಕವನ್ನು ಹೇಗೆ ಕೆರಳಿಸುತ್ತದೆ ಎಂಬುದಕ್ಕೆ ಅಲ್ಲಿಯ ಇತ್ತೀಚಿನ ಚರಿತ್ರೆಯೇ ಸಾಕ್ಷಿ. 1993ರಲ್ಲಿ ಬ್ರಿಟನ್ ಸರ್ಕಾರ ಇಂಧನ ಸುಂಕವನ್ನು ವರ್ಷವರ್ಷವೂ ಹಣದುಬ್ಬರಕ್ಕಿಂತ ಹೆಚ್ಚಾಗಿ ಏರಿಸುವ ಏಣಿಯೊಂದನ್ನು ಹಾಕಿಕೊಂಡಿತು. 1999ರಲ್ಲಿ ಅದನ್ನು ಕೈಬಿಟ್ಟರೂ ಜನರ ಸಿಟ್ಟು ಆರಿರಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ರೈತರೂ ಲಾರಿ ಮಾಲೀಕರೂ ಸ್ಟ್ಯಾನ್‌ಲೋ ಎಂಬಲ್ಲಿನ ತೈಲ ಶುದ್ಧೀಕರಣಾಗಾರದ ಬಾಗಿಲು ಕಟ್ಟಿ ಕೂತದ್ದೇ ತಡ, ಕೆಲವೇ ದಿನಗಳಲ್ಲಿ ದೇಶದ ಬಹುಪಾಲು ಬಂಕುಗಳು ಬರಿದಾದವು. ಅದಾಗಿ ಎರಡು ವರ್ಷಕ್ಕೆ, 2002ರಲ್ಲಿ, ವೇಲ್ಸ್ ಪ್ರಾಂತದ ಲನೆಥ್ಲಿ ಪಟ್ಟಣದಲ್ಲಿ ಇನ್ನೊಂದು ತಮಾಷೆ ಬಯಲಾಯಿತು: ಅಲ್ಲಿಯ ಕೆಲವು ಚಾಲಕರು ಅಂಗಡಿಯಿಂದ ಅಡುಗೆ ಎಣ್ಣೆಯನ್ನು ತಂದು ಡೀಸೆಲ್ ಕಾರುಗಳಿಗೆ ಸುರಿಯುತ್ತಿದ್ದರು. ವಾಹನಕ್ಕೆ ಹಾಕಿದ ಮೇಲೆ ಅಡುಗೆ ಎಣ್ಣೆಯೂ ಇಂಧನವೇ, ಅದಕ್ಕೂ ಸುಂಕ ತೆರಬೇಕು ಎಂಬುದು ಕಾನೂನು. ಹೊಗೆಯಲ್ಲಿ ಬರುವ ಕರಿದ ತಿಂಡಿಯ ವಾಸನೆಯ ಜಾಡು ಹಿಡಿದು ಇಂಥವರನ್ನು ಪತ್ತೆಮಾಡಿದ ಅಧಿಕಾರಿಗಳನ್ನು ಪತ್ರಿಕೆಗಳು ‘ಕರಿಯುವ ದಳ’ ಎಂದು ಗೇಲಿ ಮಾಡಿದವು. ಮುಂದೆ 2007ರಲ್ಲಿ ವರ್ಷಕ್ಕೆ 2500 ಲೀಟರಿನವರೆಗಿನ ಇಂಥ ಎಣ್ಣೆಗೆ ಸುಂಕವನ್ನೇ ಮನ್ನಾ ಮಾಡಲಾಯಿತು ಎಂಬುದನ್ನು ನೋಡಿದರೆ, ಅಡುಗೆಮನೆಯವರೆಗೂ ಕಾವಲು ಹಾಕುವುದು ಗಿಟ್ಟುವ ಕೆಲಸವಲ್ಲ ಎಂಬ ಅರಿವು ಸರ್ಕಾರಕ್ಕೂ ಆದಂತಿದೆ.

2022ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೂಡಿಬಂದವು. ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿಯಿಟ್ಟ ಬಳಿಕ ಬೇಸಿಗೆಯ ಹೊತ್ತಿಗೆ ಬ್ರಿಟನ್ನಿನ ಬಂಕುಗಳಲ್ಲಿ ಡೀಸೆಲ್ ಬೆಲೆ ಲೀಟರಿಗೆ 2 ಪೌಂಡಿನ ಹತ್ತಿರಕ್ಕೆ ಏರಿತು. ಅದೇ ವರ್ಷದ ಏಪ್ರಿಲ್ 1ರಿಂದ ಕೆಂಪು ಡೀಸೆಲ್ ಬಳಸುವ ಹಕ್ಕನ್ನು ಕಟ್ಟಡ ನಿರ್ಮಾಣ, ಗಣಿಗಾರಿಕೆ ಮೊದಲಾದ ಹಲವು ಉದ್ಯಮಗಳಿಂದ ಕಿತ್ತುಕೊಳ್ಳಲಾಯಿತು. ಕೃಷಿ, ತೋಟಗಾರಿಕೆ, ಅರಣ್ಯ, ಮೀನು ಸಾಕಣೆ, ರೈಲು ಮುಂತಾದ ಕೆಲವಕ್ಕೆ ಮಾತ್ರ ಅದು ಉಳಿಯಿತು. ಹೊಗೆ ಉಗುಳುವವರಿಗೆ ಅಗ್ಗದ ಇಂಧನ ಸಲ್ಲದು ಎಂಬುದು ಸರ್ಕಾರ ಕೊಟ್ಟ ಕಾರಣ. ಅಲ್ಲಿಯವರೆಗಿನ ವ್ಯವಸ್ಥೆ ಎಷ್ಟು ವಿಚಿತ್ರವಾಗಿತ್ತೆಂದರೆ, ಮಾಂಸ ಅಥವಾ ಹಾಲು ಸಾಗಿಸುವ ಶೀತಲ ಲಾರಿಯೊಂದಕ್ಕೆ ಎರಡು ಟ್ಯಾಂಕುಗಳಿರುತ್ತಿದ್ದವು: ಲಾರಿಯನ್ನು ಎಳೆಯುವ ಎಂಜಿನ್ನಿಗೆ ಬಿಳಿ ಡೀಸೆಲ್, ಸರಕನ್ನು ತಣ್ಣಗಿಡುವ ಪುಟ್ಟ ಎಂಜಿನ್ನಿಗೆ ಕೆಂಪು. ಕಾನೂನುಬದ್ಧ ಇಂಧನಕ್ಕೂ ಕಾನೂನುಬಾಹಿರ ಇಂಧನಕ್ಕೂ ನಡುವೆ ಇದ್ದದ್ದು ಒಂದು ಮಾರುದ್ದದ ರಬ್ಬರ್ ಕೊಳವೆ ಮಾತ್ರ. ಟ್ರ್ಯಾಕ್ಟರಿನ ಮಟ್ಟಿಗೂ ಗೆರೆ ಅಷ್ಟೇ ತೆಳುವಾದದ್ದು. ಬೇಸಾಯದ ಕೆಲಸಕ್ಕಾಗಿ ಅದು ರಸ್ತೆಗಿಳಿದರೆ ತಪ್ಪಿಲ್ಲ, ಚಳಿಗಾಲದಲ್ಲಿ ರಸ್ತೆಯ ಹಿಮ ಗೋರಿ ಹಾಕಿದರೂ ತಪ್ಪಿಲ್ಲ, ಬೇಸಾಯಕ್ಕೆ ಸಂಬಂಧಿಸದ ಸರಕನ್ನು ಬಾಡಿಗೆಗೆ ಸಾಗಿಸಿದರೆ ತಪ್ಪು.

ತಪ್ಪನ್ನು ಹಿಡಿಯುವುದಕ್ಕೆ ಬಣ್ಣವೊಂದೇ ಸಾಲದು. ಕೆಂಪನ್ನು ಬೇಕಾದಷ್ಟು ಬಿಳಿಯಲ್ಲಿ ಬೆರೆಸಿದರೆ ಅದು ಕಣ್ಣಿಗೆ ಕಾಣದಾಗುತ್ತದೆ. ಆದುದರಿಂದ ಬಣ್ಣದ ಜೊತೆಗೆ ‘ಗುರುತುಕಾರಕ’ ಎಂಬ ಇನ್ನೊಂದು ರಾಸಾಯನಿಕವನ್ನೂ ಸೇರಿಸುತ್ತಾರೆ. ಅದು ಬರಿಗಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿದ್ದರೂ ಪರೀಕ್ಷೆಯಲ್ಲಿ ತನ್ನ ಇರವನ್ನು ಸಾರುತ್ತದೆ. 2002ರಿಂದ 2024ರವರೆಗೆ ಯುರೋಪಿನ ಒಕ್ಕೂಟದ ದೇಶಗಳೆಲ್ಲ ಸಾಲ್ವೆಂಟ್ ಯೆಲ್ಲೋ 124 ಎಂಬ ಹಳದಿ ವಸ್ತುವನ್ನು ಸಾಮಾನ್ಯ ಗುರುತುಕಾರಕವಾಗಿ ಬಳಸಿದವು. ಹೆದ್ದಾರಿಯ ಬದಿಯಲ್ಲಿ ವಾಹನವನ್ನು ತಡೆಯುವ ತಪಾಸಣಾ ತಂಡ ಟ್ಯಾಂಕಿನೊಳಕ್ಕೆ ಸಣ್ಣ ಕೊಳವೆಯನ್ನು ಇಳಿಬಿಟ್ಟು ಒಂದಿಷ್ಟು ಡೀಸೆಲ್ ಹೀರಿಕೊಂಡು, ಗಾಜಿನ ಸೀಸೆಯಲ್ಲಿ ಅದಕ್ಕೆ ಆಮ್ಲ ಬೆರೆಸಿ ಕುಲುಕುತ್ತಿತ್ತು. ಹಳದಿ ಗುರುತುಕಾರಕ ಆಮ್ಲ ತಾಗಿದೊಡನೆ ಕೆಂಪಾಗುತ್ತದೆ. ಸೀಸೆ ಕೆಂಪಾಯಿತೆಂದರೆ ವಾಹನವನ್ನು ಸ್ಥಳದಲ್ಲೇ ಜಪ್ತಿ ಮಾಡುವ ಅಧಿಕಾರ ತಂಡಕ್ಕಿತ್ತು, ತಪ್ಪಿಸಿದ ಸುಂಕದ ಜೊತೆಗೆ ದಂಡವನ್ನೂ ಕಟ್ಟಿದ ಮೇಲಷ್ಟೇ ಬಿಡುಗಡೆ.

ಪರೀಕ್ಷೆ ಬಿಗಿಯಾದಂತೆ ಕಳ್ಳತನವೂ ಕುಶಲವಾಯಿತು. ಐರ್ಲೆಂಡ್ ದ್ವೀಪವನ್ನು ಎರಡಾಗಿ ಸೀಳುವ ಗಡಿಯ ಆಸುಪಾಸು, ವಿಶೇಷವಾಗಿ ಉತ್ತರ ಐರ್ಲೆಂಡಿನ ದಕ್ಷಿಣ ಆರ್ಮಾ ಪ್ರದೇಶದಲ್ಲಿ, ಡೀಸೆಲ್ಲನ್ನು ‘ಒಗೆಯುವ’ ದಂಧೆ ದಶಕಗಳ ಕಾಲ ಬೇರುಬಿಟ್ಟಿತ್ತು. ಹೊಲದ ಮೂಲೆಯ ಕೊಟ್ಟಿಗೆಯಲ್ಲಿ ಕೆಂಪು ಅಥವಾ ಹಸಿರು ಡೀಸೆಲ್ಲಿಗೆ ಆಮ್ಲವನ್ನು ಬೆರೆಸಿ, ಎಣ್ಣೆಯ ಬಣ್ಣ ಹೀರಬಲ್ಲ ಒಂದು ಬಗೆಯ ಜೇಡಿಮಣ್ಣಿನ ಮೂಲಕ ಸೋಸಿದರೆ ಬಣ್ಣವೂ ಗುರುತುಕಾರಕವೂ ಮಣ್ಣಿನಲ್ಲಿ ಉಳಿದು ಬಿಳಿಯಂತೆ ಕಾಣುವ ಡೀಸೆಲ್ ಹೊರಬರುತ್ತಿತ್ತು. ಅದನ್ನು ಬಂಕುಗಳಿಗೇ ಪೂರ್ಣ ಬೆಲೆಗೆ ಮಾರುತ್ತಿದ್ದುದರಿಂದ, ಕೊಳ್ಳುವ ಸಾಮಾನ್ಯ ಗಿರಾಕಿಗೆ ತಾನು ಕಳ್ಳಮಾಲು ತುಂಬಿಸಿಕೊಂಡದ್ದು ಗೊತ್ತಾಗುತ್ತಿದ್ದದ್ದು ಉಳಿದ ಆಮ್ಲದ ಅಂಶಕ್ಕೆ ಎಂಜಿನ್ನಿನ ಇಂಧನ ಪಂಪು ಕೆಟ್ಟ ಮೇಲೆಯೇ. ಕೊಟ್ಟಿಗೆಯಲ್ಲಿ ಉಳಿದ ಕಪ್ಪು ಮಡ್ಡಿಯನ್ನು ಸಾವಿರ ಲೀಟರಿನ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತುಂಬಿ ರಾತ್ರೋರಾತ್ರಿ ರಸ್ತೆಯ ಬದಿಗೆ, ಹೊಳೆಯ ದಂಡೆಗೆ ಇಳಿಸಿ ಹೋಗುತ್ತಿದ್ದರು. ಗಡಿಯ ಲೌತ್, ಮೊನಾಹನ್ ಕೌಂಟಿಗಳ ಸ್ಥಳೀಯ ಆಡಳಿತಗಳಿಗೆ ಇಂಥ ತೊಟ್ಟಿಗಳನ್ನು ಎತ್ತಿಸಿ ವಿಲೇವಾರಿ ಮಾಡಿಸುವುದೇ ಒಂದು ಕಾಯಂ ಕೆಲಸವಾಯಿತು. ಸುಂಕ ತಪ್ಪಿಸಿಕೊಂಡವರ ಕೊಳಕನ್ನು ತೊಳೆಯುವ ಖರ್ಚೂ ಸುಂಕ ಕಟ್ಟುವವರ ತಲೆಗೇ ಬಿತ್ತು ಎಂಬುದು ಈ ದಂಧೆಯ ಅತ್ಯಂತ ನಾಚಿಕೆಗೇಡಿನ ಮುಖ. 2015ರಲ್ಲಿ ಬ್ರಿಟನ್ನೂ ಐರ್ಲೆಂಡ್ ಗಣರಾಜ್ಯವೂ ಒಟ್ಟಾಗಿ ಅಕ್ಯುಟ್ರೇಸ್ ಎಸ್10 ಎಂಬ ಹೊಸ ಗುರುತುಕಾರಕವನ್ನು ತಂದವು. ಅದರ ಅಣುಗಳು ಡೀಸೆಲ್ಲಿನ ಅಣುಗಳನ್ನೇ ಬಹಳಷ್ಟು ಹೋಲುವುದರಿಂದ ಆಮ್ಲ, ಮಣ್ಣುಗಳಿಂದ ಅದನ್ನು ಬೇರ್ಪಡಿಸುವುದು ಸುಲಭವಲ್ಲ. ಒಗೆಯುವ ಕೊಟ್ಟಿಗೆಗಳು ಬಹುಮಟ್ಟಿಗೆ ಮುಚ್ಚಿದ್ದು ಆಮೇಲೆ.

ಒಂದೇ ದ್ರವಕ್ಕೆ ಎರಡು ಬೆಲೆ ಕಟ್ಟಿದ ಕಡೆಯಲ್ಲೆಲ್ಲ ಇದೇ ಕಥೆ ಬೇರೆ ಬಣ್ಣದಲ್ಲಿ ನಡೆಯುತ್ತದೆ. ಭಾರತದಲ್ಲಿ ಆ ಬಣ್ಣ ನೀಲಿ. ಪಡಿತರ ಅಂಗಡಿಯ ಸೀಮೆಎಣ್ಣೆಯನ್ನು ಬಡವರ ದೀಪಕ್ಕೂ ಒಲೆಗೂ ಎಂದು ಸಹಾಯಧನದಲ್ಲಿ ಕೊಟ್ಟು, ಬೇರೆಡೆಗೆ ಹೋಗದಿರಲೆಂದು ಅದಕ್ಕೆ ನೀಲಿ ಬೆರೆಸಲಾಗುತ್ತಿತ್ತು. 2005ರ ಸುಮಾರಿಗೆ ಅದರ ಬೆಲೆ ಲೀಟರಿಗೆ 9 ರೂಪಾಯಿಯ ಆಸುಪಾಸಿನಲ್ಲಿದ್ದರೆ ಡೀಸೆಲ್ 30 ರೂಪಾಯಿ ಮುಟ್ಟಿತ್ತು. ಸೀಮೆಎಣ್ಣೆ ಬೆರೆತ ಡೀಸೆಲ್ಲಿನಿಂದಲೂ ಲಾರಿ ಓಡುತ್ತದೆಯಾದ್ದರಿಂದ, ಪಡಿತರ ಸೀಮೆಎಣ್ಣೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪಾಲು ದಾರಿ ತಪ್ಪುತ್ತಿದೆಯೆಂದು ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಆ ವರ್ಷಗಳಲ್ಲಿ ಲೆಕ್ಕ ಹಾಕಿತ್ತು. ಈ ಕಲಬೆರಕೆಯ ಬೆಲೆಯನ್ನು ಕನ್ನಡ ನಾಡಿನ ಒಂದು ಮನೆ ಪ್ರಾಣದಲ್ಲಿ ತೆತ್ತಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾರುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅದೇ ಬಂಕಿನ ಮರುತಪಾಸಣೆಗೆ ಹೋದಾಗ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗಾಗ 27 ವರ್ಷ.

ಆ ಕೊಲೆಯ ಮರುವರ್ಷವೇ, 2006ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ನೀಲಿಯ ಜೊತೆಗೆ ಗುರುತುಕಾರಕವನ್ನೂ ಸೀಮೆಎಣ್ಣೆಗೆ ಬೆರೆಸಲಾರಂಭಿಸಿತು. ಎರಡೇ ವರ್ಷಗಳಲ್ಲಿ, ಅದನ್ನೂ ಸೋಸಿ ತೆಗೆಯಬಹುದೆಂಬುದು ಬಯಲಾಗಿ ಯೋಜನೆ ನಿಂತುಹೋಯಿತು. ದಂಧೆಯ ಬೆನ್ನು ಮುರಿದದ್ದು ಕೊನೆಗೆ ಸಹಾಯಧನದ ಕಡಿತ. 2016ರ ಜುಲೈಯಿಂದ ಪಡಿತರ ಸೀಮೆಎಣ್ಣೆಯ ಬೆಲೆಯನ್ನು ಪ್ರತಿ ಸಲ 25 ಪೈಸೆಯಂತೆ, ಯಾರಿಗೂ ಹೆಚ್ಚು ನೋವಾಗದ ಹಾಗೆ ಏರಿಸುತ್ತ ಬಂದು 2020ರ ವೇಳೆಗೆ ಸಹಾಯಧನವನ್ನೇ ಇಲ್ಲವಾಗಿಸಲಾಯಿತು. ಅಷ್ಟರಲ್ಲಿ ಬಹುಪಾಲು ಮನೆಗಳಿಗೆ ವಿದ್ಯುತ್ತೂ ಅಡುಗೆ ಅನಿಲವೂ ಬಂದಿದ್ದವು. ಬೆರೆಸಿ ಗಳಿಸಬೇಕಾದ ಲಾಭವೇ ಕರಗಿದ ಮೇಲೆ ಬೆರೆಸುವವನಿಗೆ ಆ ಕೆಲಸದಲ್ಲಿ ಆಸಕ್ತಿ ಉಳಿಯಲಿಲ್ಲ. ರಸಾಯನಶಾಸ್ತ್ರ ಕಳ್ಳನನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಬಹುದು, ಬೆಲೆಯ ಅಂತರ ಅವನನ್ನು ಮತ್ತೆ ಮುಂದಕ್ಕೆ ಕರೆಯುತ್ತಲೇ ಇರುತ್ತದೆ ಎಂಬುದನ್ನು ಆರ್ಮಾಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಈ ಸೀಮೆಎಣ್ಣೆಯೇ.

ಆದರೆ ಎಲ್ಲ ರಿಯಾಯಿತಿಯನ್ನೂ ಹೀಗೆ ಕರಗಿಸಿಬಿಡಲು ಬರುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ನೋಂದಣಿಯಾದ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳಿಗೆ ರಾಜ್ಯದ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಸಿಗುತ್ತದೆ. ಮಲ್ಪೆ, ಮಂಗಳೂರು ಬಂದರುಗಳ ದಿನಬಳಕೆಯ ಮಾತಿನಲ್ಲಿ ಅದು ‘ಕರರಹಿತ ಡೀಸೆಲ್’. ಮೀನುಗಾರಿಕೆಯ ಖರ್ಚಿನಲ್ಲಿ ಡೀಸೆಲ್ಲಿನದೇ ದೊಡ್ಡ ಪಾಲು, ಬಲೆಗೆ ಎಷ್ಟು ಬೀಳುವುದೆಂಬ ಖಾತ್ರಿಯಿಲ್ಲ, ಜೂನ್ ಮತ್ತು ಜುಲೈ ಎರಡು ತಿಂಗಳು ಕಡಲಿಗಿಳಿಯುವಂತೆಯೇ ಇಲ್ಲ. ಈ ರಿಯಾಯಿತಿ ನ್ಯಾಯವಾದದ್ದು ಎಂಬುದರಲ್ಲಿ ಅನುಮಾನ ಬೇಡ. ವರ್ಷಕ್ಕೆ 1.5 ಲಕ್ಷ ಕಿಲೋಲೀಟರ್ ಇದ್ದ ಇದರ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 2 ಲಕ್ಷ ಕಿಲೋಲೀಟರಿಗೆ ಏರಿಸಲಾಯಿತು. ಈ ಡೀಸೆಲ್ಲಿಗೆ ಕೆಂಪೂ ಇಲ್ಲ, ನೀಲಿಯೂ ಇಲ್ಲ. ದೋಣಿಯ ಟ್ಯಾಂಕಿನಿಂದ ಲಾರಿಯ ಟ್ಯಾಂಕಿಗೆ ಹರಿದರೆ ಸೀಸೆಯಲ್ಲಿ ಕುಲುಕಿ ಕಂಡುಹಿಡಿಯುವ ಉಪಾಯವೂ ಇಲ್ಲ. ಅದನ್ನು ಕಾಯುತ್ತಿರುವುದು ದೋಣಿಯ ನೋಂದಣಿ, ಹಂಚಿಕೆಯ ಲೆಕ್ಕಪತ್ರ ಮತ್ತು ಮೀನುಗಾರರ ಪ್ರಾಮಾಣಿಕತೆ. ರಾಜ್ಯದಲ್ಲಿ ಡೀಸೆಲ್ಲಿನ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ ಶೇ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿತು. ಬೆಂಗಳೂರಿನ ಬಂಕಿನ ಬೆಲೆಯನ್ನಿಟ್ಟುಕೊಂಡು ಲೆಕ್ಕ ಹಾಕಿದರೆ, ಲೀಟರಿಗೆ ಸುಮಾರು 11 ರೂಪಾಯಿ ಇದ್ದ ತೆರಿಗೆ ಒಂದು ವರ್ಷ ತುಂಬುವುದರೊಳಗೆ ಸುಮಾರು 16 ರೂಪಾಯಿಯಾಯಿತು. ಕರರಹಿತ ಡೀಸೆಲ್ಲಿಗೂ ಬಂಕಿನ ಡೀಸೆಲ್ಲಿಗೂ ನಡುವಿನ ಅಂತರ ಬೆಳೆದದ್ದೂ ಅಷ್ಟೇ.