ನದಿಯ ಕೆಳಭಾಗದ ಬೆಸ್ತರು (ಲಾತರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ – ನವೆಂಬರ್ 9)



ನವೆಂಬರ್ 9ರಂದು ಧರ್ಮಸಭೆಯು ರೋಮಿನ ಲಾತರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತದೆ. ರೋಮಿನ ಧರ್ಮಾಧ್ಯಕ್ಷರಾದ ಪೋಪ್ ಜಗದ್ಗುರುಗಳ ಪ್ರಧಾನಾಲಯ ಅದು. ಅಂದಿನ ಮೊದಲ ವಾಚನ ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೆಯ ಅಧ್ಯಾಯದ್ದು. ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಹೊರಟು ಪೂರ್ವಕ್ಕೆ ಹರಿಯುತ್ತದೆ. ಕಾಲ್ಗಂಟಿನಷ್ಟಿದ್ದದ್ದು ಮೊಣಕಾಲು ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ ಏರಿ, ಕೊನೆಗೆ ನಡೆದು ದಾಟಲಾಗದ ಹೊಳೆಯಾಗುತ್ತದೆ. ಅದು ಸೇರಿದ ಉಪ್ಪಿನ ಕಡಲು ಜೀವ ಪಡೆಯುತ್ತದೆ. ವಾಚನದಲ್ಲಿ ಬಿಟ್ಟಿರುವ 10ನೆಯ ವಚನವನ್ನು ಮನೆಯಲ್ಲಿ ಬೈಬಲ್ ತೆರೆದು ಓದಿ ನೋಡಿ. ಆ ದಡದಲ್ಲಿ ಬೆಸ್ತರು ಬಲೆ ಹರಡಿಕೊಂಡು ನಿಂತಿದ್ದಾರೆ!

ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿರುವ ನಮಗೆ ಕಡಲು ಬಹು ದೂರ. ಆದರೆ ನಮ್ಮ ನದಿಗಳೂ ಪೂರ್ವಕ್ಕೇ ಹರಿಯುತ್ತವೆ. ಲಿಂಗಸುಗೂರಿನ ಉತ್ತರಕ್ಕೆ ಜಲದುರ್ಗವನ್ನು ಸುತ್ತಿ ಸಾಗುವ ಕೃಷ್ಣೆ, ಸಿಂಧನೂರಿನ ದಕ್ಷಿಣದ ತುಂಗಭದ್ರೆ – ಇವೆರಡೂ ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ ಒಂದಾಗುತ್ತವೆ. ಮುಂದೆ ನಾಗಾರ್ಜುನ ಸಾಗರವನ್ನೂ ವಿಜಯವಾಡದ ಪ್ರಕಾಶಂ ಬ್ಯಾರೇಜನ್ನೂ ದಾಟಿ, ಆಂಧ್ರದ ದಿವಿಸೀಮೆಯಲ್ಲಿ ಕವಲೊಡೆಯುತ್ತವೆ. ಒಂದು ಕವಲು ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಲ್ಲಿಯೂ ಬೆಸ್ತರು ಬಲೆ ಹಿಡಿದು ನಿಂತಿದ್ದಾರೆ.

ನದಿಯ ಬಾಯಿಯಲ್ಲೇ ಮೀನು ಹೇರಳವೇಕೆ? ಸಿಹಿನೀರು ಹಗುರ, ಉಪ್ಪುನೀರು ಭಾರ. ಉಬ್ಬರದ ಹೊತ್ತಿನಲ್ಲಿ ಕಡಲ ನೀರು ನದಿನೀರಿನ ಅಡಿಯಲ್ಲಿ ನುಸುಳಿ ಒಳಗೆ ಬರುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ. ನದಿ ತಂದ ಗೊಬ್ಬರದಂಥ ಮೆಕ್ಕಲು ಅಲ್ಲಿ ನಿಲ್ಲುತ್ತದೆ. ಅದರಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ನಡುವೆ ಮರಿಗಳಿಗೆ ಆಹಾರವೂ ಉಂಟು, ಆಶ್ರಯವೂ ಉಂಟು. ಸಮುದ್ರದಲ್ಲಿ ಹುಟ್ಟಿದ ಸೀಗಡಿ ಮರಿಗಳು ಈ ಸವುಳು ನೀರಿಗೆ ಬಂದು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಹಿಲ್ಸಾ ಮೀನಿನದು ತದ್ವಿರುದ್ಧ: ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಸಿಹಿನೀರಿಗೆ ಏರಿ ಬರುತ್ತದೆ. ಹೀಗೆ ಅಳಿವೆಯೆಂಬುದು ಕಡಲಿನ ತೊಟ್ಟಿಲು.

ಆ ತೊಟ್ಟಿಲನ್ನು ತೂಗುವ ಕೈ ನದಿಯದು. ಆ ಕೈಯನ್ನು ನಾವು ಕಟ್ಟಿದ್ದೇವೆ. ವಿಜಯವಾಡದಲ್ಲಿ 1855ರಲ್ಲಿ ಮುಗಿದ ಅಣೆಕಟ್ಟೆ, ಅದರ ಬದಲಿಗೆ 1957ರಲ್ಲಿ ಬಂದ ಬ್ಯಾರೇಜು ಹಿಲ್ಸಾದ ದಾರಿಗೆ ಅಡ್ಡವಾದವು. 133 ಟಿಎಂಸಿಯಷ್ಟಿದ್ದ ನಮ್ಮ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿ. ಉಳಿದ ಜಾಗವನ್ನು ಹೂಳು ತುಂಬಿದೆ. ನಮಗೆ ತಲೆನೋವಾದ ಆ ಹೂಳೇ ನದೀಮುಖದ ನೆಲಕ್ಕೆ ಆಹಾರವಾಗಬೇಕಿತ್ತು. ಅದು ತಲುಪದೆ ಕೃಷ್ಣೆಯ ನದೀಮುಖದ ದಡ ಅಲ್ಲಲ್ಲಿ ಕೊರೆದುಹೋಗುತ್ತಿದೆ. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಸಾವಿರಾರು ಜೀವಗಳನ್ನು ಕಳೆದುಕೊಂಡ ಸೀಮೆ ಅದು. 2001ರಿಂದ 2004ರ ವರೆಗಿನ ಬರದ ವರ್ಷಗಳಲ್ಲಂತೂ ಕೃಷ್ಣೆಯಿಂದ ಕಡಲಿಗೆ ಸೇರಿದ ನೀರು ಅತ್ಯಲ್ಪ.

ಹಾಗಾದರೆ ಅಣೆಕಟ್ಟು ಪಾಪವೇ? ಅಲ್ಲ. ಎಡದಂಡೆ ಕಾಲುವೆಯ ನೀರಿನಿಂದಲೇ ಇಲ್ಲಿ ಭತ್ತ ಬೆಳೆದಿದೆ, ನಮ್ಮ ಮಕ್ಕಳು ಓದಿದ್ದಾರೆ. ಆದರೆ ಕಾಲುವೆಯ ಕೆಳಭಾಗದ ರೈತರ ಸಂಕಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೇಲಿನವರು ಬೇಕಾದಷ್ಟು ಎತ್ತಿಕೊಂಡರೆ ಕೆಳಗಿನವರ ಪೈರು ಒಣಗುತ್ತದೆ. ಹಂಸಲದೀವಿಯ ಬೆಸ್ತರು ಇಡೀ ನದಿಯ ಕೆಳಭಾಗದವರು. ಅವರ ಪಾಲಿಗೆ ಮೇಲಿನವರು ನಾವೇ!

ಇನ್ನೊಂದು ಮಾತು. ಸೀಗಡಿ, ಏಡಿಗಳು ಕೀಟಗಳ ಹತ್ತಿರದ ಬಳಗ. ಹುಳಕ್ಕೆ ಹೊಡೆದ ಔಷಧ ಅವಕ್ಕೂ ವಿಷ. ನಾವು ಸಿಂಪಡಿಸಿದ ಪ್ರತಿ ಹನಿಯೂ ಕಡಲಿನವರೆಗೆ ಹೋಗುತ್ತದೆಂದಲ್ಲ. ನಡುವೆ ದೊಡ್ಡ ಜಲಾಶಯಗಳಿವೆ. ಆದರೆ ಗದ್ದೆಯ ಬಸಿನೀರು ಮೊದಲು ಸೇರುವುದು ನಮ್ಮದೇ ಹಳ್ಳಗಳನ್ನು. ಅಲ್ಲಿನ ಮೀನು, ಏಡಿ, ನೀರು ಕುಡಿಯುವ ದನಕರು ಮೊದಲ ನೆರೆಯವರು.

ಹಬ್ಬದ ಎರಡನೆಯ ವಾಚನದಲ್ಲಿ ಸಂತ ಪೌಲರು, ದೇವರ ಆಲಯ ನಾವೇ ಎಂದು ನೆನಪಿಸುತ್ತಾರೆ. ಪ್ರವಾದಿ ಕಂಡ ಆಲಯದಿಂದ ಹೊರಟ ನೀರು, ತಾನು ಕಾಣದ ದೂರದವರ ಬಲೆಯನ್ನು ತುಂಬಿತು. ನಮ್ಮ ಆಲಯದಿಂದ ಹೊರಡುವ ನೀರು ಎಂಥದು? ಔಷಧದ ಡಬ್ಬಿ, ಪಂಪುಗಳನ್ನು ಕಾಲುವೆಯಲ್ಲಿ ತೊಳೆಯದಿರೋಣ. ಮಣ್ಣು ಪರೀಕ್ಷೆ ಮಾಡಿಸಿ ಅಗತ್ಯವಿದ್ದಷ್ಟೇ ಗೊಬ್ಬರ ಹಾಕೋಣ. ನಮ್ಮ ಸರದಿ ಮುಗಿದಾಗ ತೂಬು ಮುಚ್ಚೋಣ. ಈ ವರ್ಷ ಹಬ್ಬದ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ, ನಮ್ಮ ನದಿಗಳ ಕೊನೆಯಲ್ಲಿ ಬಲೆ ಬೀಸುವ ಆ ಅಪರಿಚಿತ ಸಹೋದರರಿಗಾಗಿಯೂ ಒಂದು ಬಿನ್ನಹವನ್ನು ಸೇರಿಸೋಣ.

ಬೆಸ್ತರನ್ನು ತನ್ನ ಶಿಷ್ಯರನ್ನಾಗಿ ಕರೆದ ಪ್ರಭು ಕ್ರಿಸ್ತರು ನಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.